ಗಂಟಲ ಆಪರೇಷನ್ನಿಗೆ ಮುಂಚೆ, ಆಮೇಲೆ

ಆಪರೇಷನ್ನಿನ ಹಿಂದಿನ ರಾತ್ರಿ ವಾರ್ಡಿಗೆ ನಾಲ್ಕು ಹಾಳೆ ಬರುತ್ತವೆ, ನಾಲ್ಕೂ ಇಂಗ್ಲಿಷಿನಲ್ಲಿ. ರೋಗಿ ಮಂಚದ ಮೇಲೆ ಎಚ್ಚರವಾಗಿಯೇ ಕೂತಿರುತ್ತಾರೆ. ಸೈನ್ ಹಾಕುವುದಕ್ಕೆ ಮಾತ್ರ ಮಗನನ್ನು ಕರೆಯುತ್ತಾರೆ. ಹೀಗಾಗಕೂಡದು. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ಅವರೇ ಕೊಡಬೇಕು. ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು ಇದನ್ನೇ. ಜೀವಕ್ಕೇ ಅಪಾಯವಿದ್ದಾಗ ಮಾತು ಬೇರೆ. ಉಳಿದಂತೆ, ಚಿಕಿತ್ಸೆ ಯಾಕೆ, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ ಎಂದು ಮೊದಲೇ ತಿಳಿಸಬೇಕು.

ಬಾಯಿ, ಗಂಟಲ ಕ್ಯಾನ್ಸರಿನಲ್ಲಿ ಈ ಮಾತುಕತೆಗೆ ಬಹಳ ಬೆಲೆ. ರೇಡಿಯೇಷನ್ ಆದಮೇಲೆ ಜೊಲ್ಲು ಒಣಗಿ, ಗುಟುಕು ನೀರಿಲ್ಲದೆ ಅನ್ನ ಇಳಿಯದು. ದವಡೆ ಬಿಗಿದು ಬಾಯಿಗೆ ಎರಡು ಬೆರಳೂ ತೂರದಿರಬಹುದು. ರೇಡಿಯೇಷನ್ ಬಿದ್ದ ದವಡೆಯಿಂದ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಸಾಯುವ ಭಯವಿದೆ. ಆದ್ದರಿಂದ ಹುಳುಕು ಹಲ್ಲನ್ನು ಮೊದಲೇ ತೋರಿಸಿಕೊಳ್ಳಬೇಕು. ಮಾತು ಉಳಿಯುತ್ತದೆಯೇ, ಮೂಗಿನ ನಳಿಕೆ ಎಷ್ಟು ದಿನ, ನುಂಗುವ ವ್ಯಾಯಾಮ ಯಾರು ಕಲಿಸುತ್ತಾರೆ ಎಂದು ಕನ್ನಡದಲ್ಲೇ ಕೇಳಿ. ಬಾಯಿ ಆಡದವರು ಬರೆದು ಕೇಳಲಿ.

ತೊಡಕು ಕಾಣಿಸಿಕೊಂಡ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲು ಬರುವುದಿಲ್ಲ. ಸರಿಯಾಗಿ ಚಿಕಿತ್ಸೆ ಕೊಟ್ಟರೂ ಇವು ಬರಬಹುದು. ಮುಂಚೆ ಹೇಳಲಿಲ್ಲ, ಬಂದಾಗ ಗಮನಿಸಲಿಲ್ಲ ಎಂಬುದಿದ್ದರೆ ಅದು ದೂರಿಗೆ ಆಧಾರ. ಅನುಮಾನವಿದ್ದರೆ ಜಗಳಕ್ಕಿಂತ ಮೊದಲು ದಾಖಲೆ ಕೇಳಿ. 2002ರ ವೈದ್ಯಕೀಯ ನಡತೆ ನಿಯಮದಂತೆ, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಣ ಕೊಟ್ಟು ಪಡೆದ ಚಿಕಿತ್ಸೆಯಾದರೆ, ಎರಡು ವರ್ಷದೊಳಗೆ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಎಲ್ಲರಿಗೂ ಉಚಿತವಾಗಿ ನೋಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ. ಆದರೆ ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವ ದಾರಿ ಇದ್ದೇ ಇದೆ.

ನನಗೆ ಹೆಚ್ಚು ಸಂಕಟವಾಗುವುದು ಚಿಕಿತ್ಸೆ ಮುಗಿಸಿ ಮನೆಗೆ ಬಂದವರನ್ನು ನೆನೆದು. ದನಿಪೆಟ್ಟಿಗೆ ತೆಗೆಸಿಕೊಂಡವರು ಕತ್ತಿನ ತೂತಿನಿಂದ ಉಸಿರಾಡುತ್ತಾರೆ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಂಡು, ಮೊಮ್ಮಗುವಿನ ಸ್ಲೇಟಿನಲ್ಲಿ 'ಮಜ್ಜಿಗೆ' ಎಂದು ಬರೆದು ತೋರಿಸುತ್ತಾರೆ. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎನ್ನುತ್ತಾರೆ ನೆಂಟರು. ಅವರಿಗೆ ಬರಬೇಕಾದ್ದು ಇನ್ನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ದನಿಪೆಟ್ಟಿಗೆ ತೆಗೆದದ್ದರಿಂದಾದ ಶಾಶ್ವತ ಮಾತಿನ ನಷ್ಟವನ್ನು ಹೆಸರಿಸಿಯೇ ಅಂಗವೈಕಲ್ಯವೆಂದು ಗುರುತಿಸಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿಡಿ.

ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಹೀಗಾದರೆ? ಪಾಠ ಮಾಡಲಾಗದೆಂದು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥದ್ದಿಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. "ನೀವೇ ರಾಜೀನಾಮೆ ಬರೆದುಕೊಡಿ" ಎಂದರೆ ಬರೆದುಕೊಡಬೇಡಿ. ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ರೋಗಿಯ ಪರವಾಗಿ ಮನೆಯವರು ಕರೆ ಮಾಡಬಹುದು.