ಬೆಸುಗೆಯ ಸಲಕರಣೆಗಳು

ಮಕ್ಕಳೇ, ರೇಡಿಯೋ ಅಥವಾ ಟಿ.ವಿ. ರಿಮೋಟನ್ನು ಬಿಚ್ಚಿದಾಗ ಒಳಗೆ ಏನಿರುತ್ತದೆಂದು ನೋಡಿದ್ದೀರಾ? ಒಂದು ತೆಳುವಾದ ಹಲಗೆ ಇರುತ್ತದೆ. ಅದು ಹೆಚ್ಚಾಗಿ ಹಸಿರು ಬಣ್ಣದ್ದು. ಅದನ್ನು ತಿರುಗಿಸಿ ಹಿಡಿದರೆ ಸಾಸಿವೆ ಕಾಳಿನಂಥ, ಜೋಳದ ಕಾಳಿನಂಥ ಬೆಳ್ಳಿ ಬಣ್ಣದ ಹನಿಗಳು ಕಾಣುತ್ತವೆ. ಇವು ಬೆಸುಗೆಯ ಹನಿಗಳು. ವಿದ್ಯುತ್ತು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹರಿಯುವುದು ಇವುಗಳ ಮೂಲಕವೇ. ಒಂದು ಹನಿ ಬಿರುಕು ಬಿಟ್ಟರೆ ಸಾಕು, ರೇಡಿಯೋ ಮೂಕವಾಗುತ್ತದೆ.

ಬೆಸುಗೆ ನಮಗೆ ಹೊಸದೇನಲ್ಲ. ಅಕ್ಕಸಾಲಿಗರು ಒಡವೆಗೆ ಬೆಸುಗೆ ಹಾಕುತ್ತಾರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನಿಮ್ಮ ಅಜ್ಜಿ ನೋಡಿರುತ್ತಾರೆ, ಕೇಳಿರಿ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ ನವಸಾಗರದ ಪುಡಿ ಎರಚುತ್ತಾನೆ. ಬಿಳಿಯ ಹೊಗೆ ಏಳುತ್ತದೆ. ನವಸಾಗರವು ಲೋಹದ ಮೇಲಿನ ಕಿಲುಬನ್ನು ತೆಗೆದುಹಾಕುತ್ತದೆ. ಆಮೇಲೆ ತವರವನ್ನು ತಾಗಿಸಿ ಅರಳೆಯಿಂದ ಒರೆಸಿದರೆ ಅದು ಪಾತ್ರೆಗೆ ಅಂಟಿಕೊಳ್ಳುತ್ತದೆ. ರೇಡಿಯೋದ ಬೆಸುಗೆಯಲ್ಲೂ ನಡೆಯುವುದು ಇದೇ ಕೆಲಸ. ಅಲ್ಲಿ ನವಸಾಗರದ ಬದಲು ಮರದಿಂದ ದೊರೆಯುವ ರಾಳವಿರುತ್ತದೆ, ಅಷ್ಟೇ.

ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆ. ಪ್ರಾರ್ಥನೆಯ ಹೊತ್ತಿಗೆ ಬಳಸುವ ಮೈಕಿನ ತಂತಿ ಕಿತ್ತುಹೋಗಿತ್ತು. ಸ್ವಾತಂತ್ರ್ಯ ದಿನಕ್ಕೆ ಇನ್ನು 10 ದಿನ ಮಾತ್ರ ಉಳಿದಿತ್ತು. ವಿಜ್ಞಾನ ಕೋಣೆಗೆಂದು ಊರಿನವರು ಕೊಟ್ಟ 2000 ರೂಪಾಯಿ ಶಾಲೆಯಲ್ಲಿತ್ತು. ಸಲಕರಣೆಗಳನ್ನು ಕೊಂಡು ತಾವೇ ಕಲಿಯೋಣವೆಂದು ಏಳನೆಯ ತರಗತಿಯ ಮಕ್ಕಳು ಹಟ ಹಿಡಿದರು. ಶಿಕ್ಷಕಿಯೊಂದಿಗೆ ನಾಲ್ವರು ಮಕ್ಕಳು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಕಾಕಾನ ಅಂಗಡಿಗೆ ಹೋದರು.

ಅಂಗಡಿಯ ಗಾಜಿನ ಕಪಾಟಿನಲ್ಲಿ ಗುಂಡಿ, ದೀಪ, ಅಂಕಿಗಳಿರುವ ಒಂದು ಪೆಟ್ಟಿಗೆ ಇತ್ತು. ಅದಕ್ಕೆ ಪೆನ್ನಿನಂಥ ಬೆಸುಗೆ ಕಡ್ಡಿ ಜೋಡಿಸಿತ್ತು.

"ಕಾಕಾ, ಅದನ್ನ ಕೊಡ್ರಿ" ಎಂದ ಒಬ್ಬ ಹುಡುಗ.

ಕಾಕಾ ನಕ್ಕರು. "ಅದಕ್ಕ ಸೋಲ್ಡರಿಂಗ್ ಸ್ಟೇಷನ್ ಅಂತಾರ. ಅದು ಬಂತಂದ್ರ ನಿಮ್ಮ ರೊಕ್ಕ ಮುಗೀತು. ಬೆಸುಗೆ ತಂತಿಗೆ ಏನ್ ಕೊಡ್ತೀರಿ? ಮೀಟರಿಗೆ ಏನ್ ಕೊಡ್ತೀರಿ?"

"ಅದರಾಗ ಅಂಥಾದ್ದೇನೈತಿ ಕಾಕಾ?" ಎಂದು ಹುಡುಗಿಯೊಬ್ಬಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಇಸ್ತ್ರಿ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿರಿ. ರೇಷ್ಮೆಗೆ ಇಷ್ಟು, ಹತ್ತಿ ಬಟ್ಟೆಗೆ ಇಷ್ಟು ಎಂದು ಗುಂಡಿ ತಿರುಗಿಸುತ್ತೇವೆ. ಬೇಕಾದಷ್ಟು ಕಾದಕೂಡಲೇ ವಿದ್ಯುತ್ತು ತಾನಾಗಿಯೇ ನಿಲ್ಲುತ್ತದೆ, ಆರತೊಡಗಿದರೆ ಮತ್ತೆ ಹರಿಯುತ್ತದೆ. ಸ್ಟೇಷನ್ನಿನ ಕೆಲಸವೂ ಹೀಗೆಯೇ. ಕಡ್ಡಿಯೊಳಗೆ ಶಾಖವನ್ನು ಅಳೆಯುವ ಒಂದು ಸಣ್ಣ ಭಾಗವಿರುತ್ತದೆ. ನಾವು 350 ಡಿಗ್ರಿ ಎಂದು ಇಟ್ಟರೆ ಮೊನೆ ಅದರ ಆಸುಪಾಸಿನಲ್ಲೇ ಇರುತ್ತದೆ. ಸಾಧಾರಣ ಕಡ್ಡಿಗೆ ಈ ಅಂಕೆ ಇಲ್ಲ. ಅದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಒಂದೇ ಸಮನೆ ಕಾಯುತ್ತ ಹೋಗುತ್ತದೆ. ಒಳಗೆ ಹುಟ್ಟುವ ಶಾಖವೂ ಗಾಳಿಗೆ ಹೋಗುವ ಶಾಖವೂ ಸಮವಾದಾಗ ಮಾತ್ರ ಕಾಯುವುದು ನಿಲ್ಲುತ್ತದೆ. ಸುಮ್ಮನೆ ಬಿಟ್ಟರೆ ಮೊನೆ ಬೇಕಾದುದಕ್ಕಿಂತ ಹೆಚ್ಚು ಕಾದು ಕಪ್ಪಾಗುತ್ತದೆ.

ದಿನವಿಡೀ ಮೊಬೈಲ್ ರಿಪೇರಿ ಮಾಡುವವರಿಗೆ ಸ್ಟೇಷನ್ ಬೇಕೇ ಬೇಕು. ವಾರಕ್ಕೆ ಒಂದು ತಾಸು ಕಲಿಯುವ ಶಾಲೆಗೆ ಸಾಧಾರಣ ಕಡ್ಡಿ ಸಾಕು. ಕೆಲಸವಿಲ್ಲದಾಗ ಪ್ಲಗ್ ಕಿತ್ತಿಡುವ ಅಭ್ಯಾಸ ಮಾತ್ರ ಇರಬೇಕು.

ಕಾಕಾ ಮೂರು ಕಡ್ಡಿಗಳನ್ನು ಮೇಜಿನ ಮೇಲಿಟ್ಟರು. ಒಂದರ ಮೇಲೆ 10 ವ್ಯಾಟ್, ಇನ್ನೊಂದರ ಮೇಲೆ 25 ವ್ಯಾಟ್, ಮತ್ತೊಂದರ ಮೇಲೆ 60 ವ್ಯಾಟ್ ಎಂದು ಬರೆದಿತ್ತು. ವ್ಯಾಟ್ ಎಂದರೆ ಶಾಖದ ಡಿಗ್ರಿಯಲ್ಲ. ಒಂದು ಸೆಕೆಂಡಿಗೆ ಎಷ್ಟು ಶಾಖ ಹುಟ್ಟುತ್ತದೆ ಎಂಬುದರ ಲೆಕ್ಕ ಅದು. ದಪ್ಪ ತಂತಿಯು ಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಆದ್ದರಿಂದ ಅದಕ್ಕೆ 60 ವ್ಯಾಟ್ ಬೇಕು. ಅದೇ ಕಡ್ಡಿಯನ್ನು ಹಸಿರು ಹಲಗೆಗೆ ಹಿಡಿದರೆ ತಾಮ್ರದ ಪಟ್ಟಿಯೇ ಎದ್ದುಬರಬಹುದು. 10 ವ್ಯಾಟಿನದು ತೀರ ನಿಧಾನ. ಕಲಿಯುವವರಿಗೆ 25 ವ್ಯಾಟ್ ಸರಿ.

ಅಗ್ಗದ ಕಡ್ಡಿಗಳಲ್ಲಿ ಹಲವಕ್ಕೆ ಎರಡೇ ಕಾಲಿನ ಪ್ಲಗ್ ಇರುತ್ತದೆ. ಕಾಕಾ ಅವನ್ನು ಮಕ್ಕಳಿಗೆ ತೋರಿಸಲೂ ಇಲ್ಲ. "ಮೂರು ಕಾಲಿಂದೇ ತಗೋರಿ. ಒಳಗ ತಂತಿ ಸುಟ್ಟು ಕಬ್ಬಿಣಕ್ಕ ಹತ್ತಿದರ, ಕರೆಂಟ್ ಆ ಮೂರನೇ ಕಾಲಿನಿಂದ ನೆಲಕ್ಕ ಹೋಗ್ತೈತಿ. ಇಲ್ಲಂದ್ರ ನಿಮ್ಮ ಕೈಯಾಗಿಂದ ಹೋಗ್ತೈತಿ. ಬಾಯಿಯವರ, ನಿಮ್ಮ ಸಾಲ್ಯಾಗ ಅರ್ಥಿಂಗ್ ಐತೇನು?"

ಶಿಕ್ಷಕಿಗೆ ಅದು ಖಚಿತವಾಗಿ ಗೊತ್ತಿರಲಿಲ್ಲ. "ವೈರ್‌ಮನ್‌ನಿಂದ ನೋಡಿಸಿದ ಮೇಲೆಯೇ ಪ್ಲಗ್ ಹಾಕ್ತೀವಿ" ಎಂದರು. ಈ ಮಾತು ಕಡ್ಡಿಯ ಬೆಲೆಗಿಂತ ಮುಖ್ಯವಾದುದು. ಗೋಡೆಯಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಮೂರನೆಯದಕ್ಕೆ ತಂತಿ ಇದೆ ಎಂದು ನಂಬಬಾರದು.

ಆಮೇಲೆ ಬೆಸುಗೆ ತಂತಿಯ ಮಾತು ಬಂತು. ಇಲ್ಲಿ ಕಾಕಾ ಮತ್ತು ಶಿಕ್ಷಕಿಯ ಮಾತು ಹೊಂದಲಿಲ್ಲ. ಹಳೆಯ ಬಗೆಯ ತಂತಿಯಲ್ಲಿ 100ಕ್ಕೆ 60 ಪಾಲು ತವರ, 40 ಪಾಲು ಸೀಸ ಇರುತ್ತದೆ. ಒಂದು ಸೋಜಿಗ ನೋಡಿರಿ. ತವರವು ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸವು 327ರಲ್ಲಿ. ಎರಡನ್ನೂ ಕೂಡಿಸಿದ ಈ ತಂತಿಯೋ 183 ಡಿಗ್ರಿಯಲ್ಲೇ ಕರಗತೊಡಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ! ಬೇಗ ಕರಗಿ, ಚೆನ್ನಾಗಿ ಹರಿದು, ಫಳಫಳ ಹೊಳೆಯುತ್ತದೆ. ಕಾಕಾನಿಗೆ ಇದೇ ಇಷ್ಟ.

ಆದರೆ ಸೀಸ ವಿಷ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಕೆಡುಕು. ಮುಟ್ಟಿದ ಕೈಯನ್ನು ತೊಳೆಯದೆ ರೊಟ್ಟಿ ತಿಂದರೆ ಹೊಟ್ಟೆಗೆ ಹೋಗುತ್ತದೆ. ಯುರೋಪಿನ ಒಕ್ಕೂಟದ ದೇಶಗಳು 2006ರ ಜುಲೈ 1ರಿಂದ ಹೊಸ ವಿದ್ಯುನ್ಮಾನ ವಸ್ತುಗಳಲ್ಲಿ ಸೀಸದ ಬಳಕೆಯನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡಿದವು. ಸೀಸವಿಲ್ಲದ ತಂತಿಯಲ್ಲಿ ಬಹುಪಾಲು ತವರವೇ ಇದ್ದು, ಸ್ವಲ್ಪ ತಾಮ್ರವೋ ಬೆಳ್ಳಿಯೋ ಸೇರಿರುತ್ತದೆ. ಅದು ಕರಗಲು 217ರಿಂದ 227 ಡಿಗ್ರಿ ಬೇಕು. ಬೆಲೆಯೂ ಹೆಚ್ಚು.

"ಕಲಿಯೋ ಹುಡುಗರಿಗೆ ಅದು ತ್ರಾಸ ಆಗ್ತದ ಬಾಯಿಯವರ" ಎಂದರು ಕಾಕಾ.

"ಆಗಲಿ ಕಾಕಾ, ಇವರು ಇನ್ನೂ ಸಣ್ಣವರು. ಸೀಸ ಇಲ್ಲದ್ದನ್ನೇ ಕೊಡ್ರಿ" ಎಂದರು ಶಿಕ್ಷಕಿ. ಅವರ ಮಾತೇ ಸರಿ. ತಂತಿಯ ಒಳಗೆ ರಾಳವಿದೆಯೇ ಎಂದು ಕೇಳಿಯೇ ಕೊಳ್ಳಬೇಕು. ತಗಡಿನ ಕೆಲಸದವರು ಬಳಸುವ ಆಮ್ಲವನ್ನು ರೇಡಿಯೋದೊಳಗೆ ಹಾಕಬಾರದು, ತಂತಿಯನ್ನು ಅದು ಮೆಲ್ಲನೆ ತಿಂದುಬಿಡುತ್ತದೆ.

ಕಾಕಾ ಚೀಟಿಯಲ್ಲಿ ಲೆಕ್ಕ ಬರೆದರು. 25 ವ್ಯಾಟಿನ ಎರಡು ಕಡ್ಡಿಗೆ 500 ರೂಪಾಯಿ, ಅವನ್ನು ಇಡುವ ಎರಡು ಸ್ಟ್ಯಾಂಡಿಗೆ 200, ಬೆಸುಗೆ ತಂತಿಗೆ 350, ಮಲ್ಟಿಮೀಟರಿಗೆ 350, ಕಟರಿಗೆ 120, ಕರಗಿದ ಬೆಸುಗೆಯನ್ನು ಹೀರುವ ಪಂಪಿಗೆ 150, ಚಿಮಟಕ್ಕೆ 40, ಎರಡು ಕನ್ನಡಕಕ್ಕೆ 160, ಸ್ಪಂಜು ಮತ್ತು ರಾಳದ ಡಬ್ಬಿಗೆ 60. ಒಟ್ಟು 1930 ಆಯಿತು. "ಪಕ್ಕಡ, ಸ್ಕ್ರೂ ಡ್ರೈವರ್ ಮನ್ಯಾಗ ಇರ್ತಾವ, ಅವಕ್ಕ ರೊಕ್ಕ ಹಾಕಬ್ಯಾಡ್ರಿ" ಎಂದರು. ಮೀಟರನ್ನು ಕೊಳ್ಳುವಾಗ ಮಾತ್ರ, ತಂತಿ ಕೂಡಿದ್ದರೆ ಬೀಪ್ ಎನ್ನುವಂಥದನ್ನೇ ಆರಿಸಿಕೊಟ್ಟರು. ಕನ್ನಡಕವನ್ನು ಬಿಟ್ಟರೆ 160 ರೂಪಾಯಿ ಉಳಿಯುತ್ತದೆ ಎಂದು ಒಬ್ಬ ಹುಡುಗ ಹೇಳಿದ. ಕಾಕಾ ಏನೂ ಹೇಳದೆ ತಮ್ಮ ಹುಬ್ಬಿನ ಮೇಲಿದ್ದ ಸಣ್ಣ ಸುಟ್ಟ ಕಲೆಯನ್ನು ತೋರಿಸಿದರು.

ಮರುದಿನ ವೈರ್‌ಮನ್ ಬಂದು ನೋಡಿದಾಗ ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ! ಅದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಮುಖ್ಯಗುರುಗಳು ಕಡ್ಡಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಮೂರನೆಯ ದಿನ ಕಿಟಕಿಯ ಪಕ್ಕದಲ್ಲಿ ಮೇಜು ಹಾಕಿದರು. ರಾಳದ ಹೊಗೆ ಹೊರಗೆ ಹೋಗಬೇಕಲ್ಲವೇ? ಕಾದ ಮೊನೆಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಅದಕ್ಕೆ ತುಸು ಬೆಸುಗೆ ಸವರಿದರು. ಮೊನೆ ಕಪ್ಪಾಯಿತೆಂದು ಅದನ್ನು ಅರದಿಂದ ಉಜ್ಜುವವರಿದ್ದಾರೆ. ತಾಮ್ರದ ಮೊನೆಯ ಮೇಲೆ ಕಬ್ಬಿಣದ ತೆಳು ಲೇಪವಿದ್ದರೆ ಉಜ್ಜಿದಾಗ ಲೇಪ ಹೋಗಿ ಮೊನೆಯೇ ಸವೆದುಹೋಗುತ್ತದೆ.

ಮೊದಲು ಬೇಡದ ತಂತಿಯ ತುಂಡುಗಳಲ್ಲಿ ಅಭ್ಯಾಸ ನಡೆಯಿತು. ಬೆಸುಗೆಯನ್ನು ಕಡ್ಡಿಗೆ ಕರಗಿಸಿ ತಂದು ತಂತಿಗೆ ಮೆತ್ತಿದರು. ಅದು ಉಂಡೆಯಾಗಿ ನಿಂತಿತು, ಎಳೆದರೆ ಕಿತ್ತುಬಂತು. ತಂತಿಯೇ ಕಾಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಕಡ್ಡಿಯನ್ನು ಎರಡೂ ತಂತಿಗಳಿಗೆ ತಾಗುವಂತೆ ಎರಡು ಮೂರು ಸೆಕೆಂಡು ಹಿಡಿದು, ಬೆಸುಗೆ ತಂತಿಯನ್ನು ಕೂಡಿದ ಜಾಗಕ್ಕೇ ಮುಟ್ಟಿಸಬೇಕು. ಹಾಗೆ ಮಾಡಿದಾಗ ಅದು ಎಣ್ಣೆಯಂತೆ ಹರಿಯಿತು. ಆರುವವರೆಗೆ ಅಲುಗಿಸಬಾರದು. ಸೀಸವಿಲ್ಲದ ಬೆಸುಗೆ ಅಷ್ಟು ಹೊಳೆಯುವುದಿಲ್ಲ, ಆದ್ದರಿಂದ ಹೊಳಪನ್ನು ನೋಡದೆ, ಹನಿ ತಂತಿಯ ಸುತ್ತ ಹರಡಿದೆಯೇ ಎಂದು ನೋಡಬೇಕು.

ಮೈಕಿನ ತಂತಿಯನ್ನು ಯಂತ್ರದಿಂದ ಬೇರೆ ಮಾಡಿ ತಂದರು. ಶಿಕ್ಷಕಿ ಕಡ್ಡಿ ಹಿಡಿದರು, ಹುಡುಗಿ ಬೆಸುಗೆ ಮುಟ್ಟಿಸಿದಳು. ನಡುವಿನ ತಂತಿ ಒಂದು ಕಡೆಗೆ, ಸುತ್ತಲಿನ ಜಾಲರಿ ತಂತಿ ಇನ್ನೊಂದು ಕಡೆಗೆ. ಮೀಟರಿನ ಕಡ್ಡಿಗಳನ್ನು ಒಂದೇ ತಂತಿಯ ಎರಡು ತುದಿಗೆ ಇಟ್ಟಾಗ ಬೀಪ್ ಎಂದಿತು. ಬೇರೆ ಬೇರೆ ತಂತಿಗಳಿಗೆ ಇಟ್ಟಾಗ ಸುಮ್ಮನಿತ್ತು. ಎಲ್ಲರೂ ಕೈ ತೊಳೆದುಕೊಂಡರು. ಉಳಿದ 70 ರೂಪಾಯಿಯ ಲೆಕ್ಕವನ್ನು ಗೋಡೆಗೆ ಅಂಟಿಸಿದರು. ಆಗಸ್ಟ್ 15ರಂದು ಆ ಮೈಕಿನಲ್ಲಿ ಮೊದಲು ಮಾತನಾಡಿದವಳು ಆ ಹುಡುಗಿಯೇ.

ಅಭ್ಯಾಸ

ಶಬ್ದಾರ್ಥ: ಕಿಲುಬು – ಲೋಹದ ಮೇಲೆ ಕಟ್ಟುವ ಪದರು. ರಾಳ – ಮರದ ಅಂಟು. ಮೊನೆ – ಚೂಪಾದ ತುದಿ. ತ್ರಾಸ – ತೊಂದರೆ. ಸೋಜಿಗ – ಆಶ್ಚರ್ಯ.

ಉತ್ತರಿಸಿರಿ:
1. ನವಸಾಗರ ಮತ್ತು ರಾಳ ಮಾಡುವ ಒಂದೇ ಬಗೆಯ ಕೆಲಸ ಯಾವುದು?
2. ಕಾಕಾ ಎರಡು ಕಾಲಿನ ಪ್ಲಗ್ಗಿನ ಕಡ್ಡಿಯನ್ನು ಏಕೆ ತೋರಿಸಲಿಲ್ಲ?
3. ಬೆಸುಗೆ ತಂತಿಯ ವಿಷಯದಲ್ಲಿ ಕಾಕಾ ಮತ್ತು ಶಿಕ್ಷಕಿ ಏನೇನು ಹೇಳಿದರು? ನೀವಾಗಿದ್ದರೆ ಯಾವುದನ್ನು ಕೊಳ್ಳುತ್ತಿದ್ದಿರಿ?

ಲೆಕ್ಕ ಮಾಡಿರಿ: 1000 ವ್ಯಾಟ್ 1 ತಾಸು ಉರಿದರೆ 1 ಯೂನಿಟ್. 25 ವ್ಯಾಟಿನ ಒಂದು ಕಡ್ಡಿಗೆ 1 ಯೂನಿಟ್ ತಗಲಲು ಎಷ್ಟು ತಾಸು ಬೇಕು?

ಮಾಡಿ ನೋಡಿರಿ: ನಿಮ್ಮ ಊರಿನಲ್ಲಿ ರೇಡಿಯೋ, ಮೊಬೈಲ್ ಅಥವಾ ಪಂಪು ರಿಪೇರಿ ಮಾಡುವವರ ಅಂಗಡಿಗೆ ಹಿರಿಯರೊಂದಿಗೆ ಹೋಗಿರಿ. ಅಲ್ಲಿರುವ ಸಲಕರಣೆಗಳನ್ನು ಅವರು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ಬರೆದುಕೊಂಡು ಬನ್ನಿರಿ.