ಹಬ್ಬದ ಆರ್ಡರಿಗೂ ಮನೆ ಬದಲಾವಣೆಗೂ ಹಳೆಯ ವ್ಯಾನ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಶ್ರಾವಣ ಬಂತೆಂದರೆ ನಮ್ಮ ಕೇಟರಿಂಗ್ ಸದಸ್ಯರಿಗೆ ಗಾಡಿಯ ಚಿಂತೆ ಶುರುವಾಗುತ್ತದೆ. ಕೃಷ್ಣಾಷ್ಟಮಿ, ಚೌತಿ, ನವರಾತ್ರಿ, ಅದರ ಬೆನ್ನಿಗೇ ನವೆಂಬರಿನ ರಾಜ್ಯೋತ್ಸವ ಕಾರ್ಯಕ್ರಮಗಳು. ಉಳಿದ ದಿನಗಳಲ್ಲಿ ಕರೆದ ಕೂಡಲೇ ಬರುವ ಬಾಡಿಗೆ ಟೆಂಪೋದವನು ಚೌತಿಯ ದಿನ ಫೋನ್ ಎತ್ತುವುದೇ ಇಲ್ಲ. ಅದಲ್ಲದೆ ಮುಂಬಯಿ, ಪುಣೆಗಳಲ್ಲಿ ಲೀವ್ ಅಂಡ್ ಲೈಸೆನ್ಸ್ ಹನ್ನೊಂದು ತಿಂಗಳಿಗೆ ಮುಗಿಯುವುದರಿಂದ ಕೆಲಸದವರ ಖೋಲಿಯೋ, ನಮ್ಮದೇ ಮನೆಯೋ, ಗೋದಾಮೋ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ‘ಒಂದು ಹಳೆಯ ವ್ಯಾನ್ ತೆಗೆದಿಟ್ಟರೆ ಎರಡಕ್ಕೂ ಆಯಿತು’ ಎಂಬ ಯೋಚನೆ ಸಹಜ. ಯೋಚನೆ ತಪ್ಪಲ್ಲ. ಆದರೆ ನಮ್ಮವರಲ್ಲಿ ಹೆಚ್ಚಿನವರು ಮೊದಲು ಗಾಡಿ ನೋಡುತ್ತಾರೆ, ಸಾಮಾನಿನ ತೂಕವನ್ನು ಆಮೇಲೆ ಲೆಕ್ಕ ಹಾಕುತ್ತಾರೆ. ಕ್ರಮ ಅದಕ್ಕೆ ವಿರುದ್ಧವಾಗಿರಬೇಕು.

300 ಎಲೆಯ ಒಂದು ಸಾಧಾರಣ ಆರ್ಡರ್ ತೆಗೆದುಕೊಳ್ಳೋಣ. ತಲೆಗೆ ಕಾಲು ಕಿಲೋ ಎಂದರೆ ಅನ್ನವೇ 75 ಕಿಲೋ. ಸಾಂಬಾರು, ಸಾರು, ಮಜ್ಜಿಗೆ ಹುಳಿ ಸೇರಿ 90 ಲೀಟರ್. ಪಾಯಸ 30 ಲೀಟರ್, ಮೊಸರು ಮಜ್ಜಿಗೆ 30 ಲೀಟರ್. ಎರಡು ಪಲ್ಯ, ಕೋಸಂಬರಿ 45 ಕಿಲೋ. ಸಿಹಿ, ಕರಿದದ್ದು, ಉಪ್ಪಿನಕಾಯಿ ಇತ್ಯಾದಿ 30 ಕಿಲೋ. ಅಡುಗೆಯೇ 300 ಕಿಲೋ ಆಯಿತು. ಪಾತ್ರೆ, ಮುಚ್ಚಳ, ಬಕೆಟ್, ಸೌಟು 110 ಕಿಲೋ. 19 ಕಿಲೋ ಗ್ಯಾಸಿನ ಸಿಲಿಂಡರ್ ತುಂಬಿದಾಗ ಅದರ ಇಮ್ಮಡಿ ತೂಗುತ್ತದೆ, ಎರಡಕ್ಕೆ 75 ಕಿಲೋ ಹಿಡಿಯಿರಿ. ಒಲೆ 25, ಬಾಳೆಎಲೆ ಮತ್ತು ಟೇಬಲ್ ಕಾಗದ 25. ನೀರಿನ 20 ಲೀಟರ್ ಕ್ಯಾನ್ ಹದಿನೈದು ಎಂದರೆ 300 ಕಿಲೋ. ಒಟ್ಟು 835. ಇದರ ಮೇಲೆ ಭಟ್ರು, ಬಡಿಸುವ ಹುಡುಗರು ಸೇರಿ ಆರು ಜನ ಹತ್ತಿದರೆ 1200 ಕಿಲೋ ಹತ್ತಿರ ಬರುತ್ತದೆ.

ಇನ್ನು ನೀವು ನೋಡಿಟ್ಟ ಗಾಡಿಯ ಆರ್‌.ಸಿ. ಪುಸ್ತಕ ತೆರೆಯಿರಿ. ಅದರಲ್ಲಿ ಖಾಲಿ ಗಾಡಿಯ ತೂಕವೂ, ಭಾರ ಸಮೇತ ಒಟ್ಟು ತೂಕವೂ ಇರುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವುದೇ ನೀವು ಹೇರಬಹುದಾದ ಭಾರ, ಜನರೂ ಸೇರಿ. ಮಾರುವವನು ‘ಒಂದು ಟನ್ ಆರಾಮಾಗಿ ಎಳೆಯುತ್ತದೆ ಸೇಠ್’ ಎಂದರೆ ನಗುತ್ತಾ ಕೇಳಿಸಿಕೊಂಡು ಈ ವ್ಯವಕಲನ ಮಾಡಿ. ಎಳೆಯುವುದು ಎಂಜಿನ್. ಆದರೆ ನಿಲ್ಲಿಸಬೇಕಾದದ್ದು ಬ್ರೇಕು. ಫ್ಲೈಓವರ್ ಇಳಿಯುವಾಗ ಹಿಂದೆ ಕುದಿಯುವ ಸಾಂಬಾರು ಇರುತ್ತದೆ ಎಂಬುದನ್ನು ಮರೆಯಬಾರದು.

ತೂಕ ಇಳಿಸಲು ಸುಲಭದ ದಾರಿಯಿದೆ. ನೀರಿನವನಿಗೆ ನೇರ ಹಾಲಿಗೇ ಕ್ಯಾನ್ ತಲುಪಿಸಲು ಹೇಳಿದರೆ 300 ಕಿಲೋ ಹೋಯಿತು. ಹುಡುಗರನ್ನು ರಿಕ್ಷಾದಲ್ಲೋ ಲೋಕಲ್‌ನಲ್ಲೋ ಕಳುಹಿಸಿ. ಇದು ತೂಕದ ಮಾತು ಮಾತ್ರವಲ್ಲ. ಸಾಮಾನಿನ ಗಾಡಿಯ ಹಿಂಭಾಗದಲ್ಲಿ ಪಾತ್ರೆಗಳ ನಡುವೆ ಕೂತ ಕೆಲಸದವನಿಗೆ ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ, ಆ ಹುಡುಗನ ಊರಿನ ಮನೆಗೆ ಉತ್ತರ ಹೇಳಬೇಕಾದವರು ನಾವು. ಉಳಿದದ್ದು 535 ಕಿಲೋ. ಅದನ್ನು ಒಂದೇ ಟ್ರಿಪ್ಪಿನಲ್ಲಿ ಒಯ್ಯುವ ಗಾಡಿಯನ್ನೇ ನೀವು ಹುಡುಕಬೇಕು.

ನಮ್ಮ ಪೇಟೆಯಲ್ಲಿ ಸಿಗುವ ಹಳೆಯ ಗಾಡಿಗಳನ್ನು ಒಂದೊಂದಾಗಿ ನೋಡೋಣ. ಮನಸ್ಸಿಗೆ ಹತ್ತಿರವಾದದ್ದು ಮೆಟಡೋರ್. ಪುಣೆ ಬಳಿಯ ಆಕುರ್ಡಿಯ ಬಜಾಜ್ ಟೆಂಪೋ ಕಂಪೆನಿಯದು. 2005ರಲ್ಲಿ ಕಂಪೆನಿಯ ಹೆಸರು ಫೋರ್ಸ್ ಮೋಟರ್ಸ್ ಆಯಿತು. ಹಳೆಯ ಹೋಟೆಲಿನವರು ಯಾವ ವ್ಯಾನ್ ಕಂಡರೂ ಮೆಟಡೋರ್ ಎನ್ನುವಷ್ಟು ಅದು ಮನೆಮಾತಾಗಿತ್ತು. ಮರ್ಸಿಡಿಸ್ ವಿನ್ಯಾಸದ ಡೀಸೆಲ್ ಎಂಜಿನ್ ಇರುವದ್ದಾದರೆ ಎಂಜಿನ್ ಗಟ್ಟಿ. ಆದರೆ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಬಾಗಿಲಿನ ರಬ್ಬರ್, ಗಾಜು, ಸ್ಟೇರಿಂಗ್ ಭಾಗಗಳಿಗೆ ಗುಜರಿ ಅಂಗಡಿ ಸುತ್ತಬೇಕು. ಚೌತಿಯ ಮುಂಜಾನೆ ಕೈಕೊಟ್ಟರೆ ಆ ದಿನ ಮೆಕ್ಯಾನಿಕ್ ಕೂಡ ಗಣಪತಿ ಮುಂದೆ ಕೂತಿರುತ್ತಾನೆ. ಹನ್ನೆರಡೂವರೆಗೆ ನೈವೇದ್ಯವಾಗಿ ಮಹಾಪ್ರಸಾದಕ್ಕೆ ಜನ ಸಾಲು ನಿಂತಿರುವಾಗ ಗಾಡಿಯ ಕತೆ ಯಾರೂ ಕೇಳುವುದಿಲ್ಲ. ಮುಂದಿನ ವರ್ಷ ಆ ಆರ್ಡರ್ ಬೇರೆಯವರಿಗೆ.

ಮಾರುತಿ ಓಮ್ನಿ ನಮ್ಮವರ ಎರಡನೆಯ ಪ್ರೀತಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 2019ರ ತನಕ ತಯಾರಾಯಿತು. 796 ಸಿ.ಸಿ. ಎಂಜಿನ್, ಜಾರುವ ಬಾಗಿಲು, ಮಾಟುಂಗದ ಗಲ್ಲಿಯಲ್ಲೂ ತಿರುಗುವ ಗಾತ್ರ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ನೆಲ ತಗ್ಗಾಗಿರುವುದರಿಂದ ಇಬ್ಬರು ಸೇರಿ ದೊಡ್ಡ ಪಾತ್ರೆ ಎತ್ತಿಡಲು ಸೊಂಟಕ್ಕೆ ಆರಾಮ. ಆದರೆ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಅಲ್ಲಿನ ಬಿಸಿಗೆ ಹತ್ತಿರ ಮೊಸರು, ಶ್ರೀಖಂಡ ಇಡಬೇಡಿ. ಮೇಲೆ ಹೇಳಿದ 535 ಕಿಲೋ ಹಳೆಯ ಓಮ್ನಿಗೆ ಜಾಸ್ತಿಯೇ. 100–150 ಎಲೆಯ ಕೆಲಸಕ್ಕೆ ಅದು ಸರಿ. ಸಿ.ಎನ್‌.ಜಿ. ಹಾಕಿಸಿದ್ದಾದರೆ ಹಿಂದಿನ ಜಾಗವನ್ನು ಸಿಲಿಂಡರೇ ನುಂಗಿರುತ್ತದೆ. ಮೂರು ವರ್ಷಕ್ಕೊಮ್ಮೆ ಆ ಸಿಲಿಂಡರಿನ ಪರೀಕ್ಷೆ ಆಗಿದೆಯೇ ಎಂದು ಪ್ರಮಾಣಪತ್ರ ಕೇಳಿ. 2010ರಲ್ಲಿ ಬಂದ ಈಕೋ ಇದೇ ಜಾತಿಯದು, 1.2 ಲೀಟರ್ ಎಂಜಿನ್ ಆದ್ದರಿಂದ ಏರಿನಲ್ಲಿ ಏದುಸಿರು ಕಡಿಮೆ.

2005ರಲ್ಲಿ ಬಂದ ಟಾಟಾ ಏಸ್ 750 ಕಿಲೋ ಹೊರುವ ಗಾಡಿಯಾಗಿಯೇ ಹುಟ್ಟಿದ್ದು. ತೆರೆದ ಹಿಂಭಾಗಕ್ಕೆ ಮುಚ್ಚಿದ ಪೆಟ್ಟಿಗೆ ಕಟ್ಟಿಸಿದ್ದನ್ನೇ ನೋಡಿ. ಕಟ್ಟಿಸಿದ ಪೆಟ್ಟಿಗೆಯ ತೂಕವೂ ಆ 750ರಲ್ಲೇ ಸೇರಿತೆಂದು ಲೆಕ್ಕವಿರಲಿ. 1986ರಿಂದ ಇರುವ ಟಾಟಾ 407 ದೊಡ್ಡ ಸಾರ್ವಜನಿಕ ಉತ್ಸವಗಳಿಗೆ ಸರಿ, ಆದರೆ ಚೌತಿಯ ಸಮಯ ಗಲ್ಲಿಗಲ್ಲಿಗೆ ಮಂಟಪ, ಕಮಾನು ಕಟ್ಟಿರುವಾಗ ಅದು ಎಷ್ಟೋ ಕಡೆ ಒಳಗೆ ಹೋಗುವುದೇ ಇಲ್ಲ. ಅದನ್ನು ಬಾಡಿಗೆಗೆ ತರುವುದೇ ಲೇಸು. ಹುಡುಗರು ಫೋಟೋದಲ್ಲಿ ನೋಡಿ ಆಸೆಪಡುವ ಫೋಕ್ಸ್‌ವ್ಯಾಗನ್ ಕೊಂಬಿಯ ಮಾತು ಇಲ್ಲಿ ಬೇಡ. ಅದು ಷೋಕಿ, ದಂಧೆಯಲ್ಲ.

ಮನೆ ಬದಲಾವಣೆಯ ಲೆಕ್ಕ ಬೇರೆ. ಅಲ್ಲಿ ತೂಕಕ್ಕಿಂತ ಎತ್ತರ, ಉದ್ದ ಮುಖ್ಯ. ಆರೂವರೆ ಅಡಿಯ ಕಬ್ಬಿಣದ ಕಪಾಟು ಓಮ್ನಿಯಲ್ಲಿ ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ. ಫ್ರಿಜ್ ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಿ ತಂದರೆ ಕೆಲವು ಗಂಟೆ ನಿಲ್ಲಿಸಿಟ್ಟ ಮೇಲೆಯೇ ಚಾಲೂ ಮಾಡಬೇಕು. ಹೋಟೆಲಿನ ರುಬ್ಬುವ ಗ್ರೈಂಡರಿನ ಕಲ್ಲನ್ನು ಬೇರೆ ತೆಗೆದು ನೆಲಕ್ಕೆ ಕಟ್ಟಿ. ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಟೇಪ್ ಇರಲಿ, ಒಳಗಿನ ಎತ್ತರ ಮಾತ್ರವಲ್ಲ, ಬಾಗಿಲಿನ ಎತ್ತರವನ್ನೂ ಅಳೆಯಿರಿ. ಹಬ್ಬಕ್ಕೆ ತಗ್ಗಿನ ನೆಲ ಬೇಕು, ಮನೆಗೆ ಎತ್ತರದ ಮಾಡು ಬೇಕು. ಎರಡೂ ಒಂದೇ ಗಾಡಿಯಲ್ಲಿ ಬೇಕಾದರೆ ಟ್ರಾವೆಲರ್ ಅಥವಾ ವಿಂಗರ್ ಜಾತಿಯ ಸಾಮಾನು ವ್ಯಾನಿಗೆ ಹೋಗಬೇಕಾಗುತ್ತದೆ, ಅದರ ನಿಲುಗಡೆಗೆ ಜಾಗ ಇದೆಯೇ ನೋಡಿ. ವರ್ಷಕ್ಕೊಮ್ಮೆಯ ಮನೆ ಬದಲಾವಣೆಗಾಗಿ ದೊಡ್ಡ ಗಾಡಿ ಸಾಕುವುದು ನನಗಂತೂ ಸರಿಕಾಣುವುದಿಲ್ಲ.

ಪರೀಕ್ಷೆಯ ಕ್ರಮ. ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅಲ್ಲೇ ಅನುಮಾನಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಡೀಸೆಲ್ ಗಾಡಿಯ ದಟ್ಟ ಕಪ್ಪು ಹೊಗೆ ಎಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಖಾಲಿ ಗಾಡಿ ಓಡಿಸಿ ಒಪ್ಪಬೇಡಿ, ನಾಲ್ಕು ಜನರನ್ನು ಕೂರಿಸಿ ಫ್ಲೈಓವರ್ ಹತ್ತಿಸಿ ಕ್ಲಚ್ ನೋಡಿ. ಎಲ್ಲಕ್ಕಿಂತ ಮುಖ್ಯ, ನೆಲ. ಕೇಟರಿಂಗ್ ಗಾಡಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಚೆಲ್ಲಿದ ಸಾಂಬಾರಿನ ಹುಣಸೆ, ಉಪ್ಪು, ಮಜ್ಜಿಗೆಯ ಹುಳಿ ಸೇರಿ ತಗಡನ್ನು ತಿನ್ನುತ್ತವೆ. ಮೇಲೆ ಹೊಸ ಅಲ್ಯೂಮಿನಿಯಂ ಶೀಟ್ ಹೊಡೆದಿದ್ದರೆ ಒಂದು ಮೂಲೆ ಎಬ್ಬಿಸಿ ಕೆಳಗೆ ನೋಡಲು ಬಿಡಿ ಎನ್ನಿ. ಬಿಡದಿದ್ದರೆ ಚಹಾ ಕುಡಿದು ಹಿಂದೆ ಬನ್ನಿ.

ಕಾಗದಪತ್ರ ಬೇಸರದ ವಿಷಯ, ಆದರೆ ದುಡ್ಡು ಹೋಗುವುದು ಇಲ್ಲೇ. ಬಿಳಿ ನಂಬರ್ ಪ್ಲೇಟಿನ ಖಾಸಗಿ ಓಮ್ನಿಯಲ್ಲಿ ದಿನವೂ ದಂಧೆಯ ಸಾಮಾನು ಸಾಗಿಸಿದರೆ ಅಪಘಾತವಾದಾಗ ವಿಮೆಯ ಕ್ಲೇಮ್ ತಿರಸ್ಕಾರವಾಗಬಹುದು. ಸಾಮಾನಿನ ಗಾಡಿಯಾಗಿ ನೋಂದಾಯಿಸಿದ್ದನ್ನೇ ಕೊಳ್ಳಿ. ಒಟ್ಟು ತೂಕ 3000 ಕಿಲೋ ಮೀರದ ಸಾಮಾನು ಗಾಡಿಗೆ ಪರ್ಮಿಟ್ ಬೇಡ, ಆದರೆ ಫಿಟ್ನೆಸ್ ಬೇಕೇ ಬೇಕು. ಅದು ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಮಹಾರಾಷ್ಟ್ರದಲ್ಲಿ ಎಂಟು ವರ್ಷ ದಾಟಿದ ಸಾಗಾಣಿಕೆ ಗಾಡಿಗೆ ಹಸಿರು ತೆರಿಗೆಯೂ ಇದೆ. 15 ವರ್ಷ ದಾಟಿದ ಖಾಸಗಿ ಕಾರು, ವ್ಯಾನಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ದಿಲ್ಲಿಯ ಸದಸ್ಯರು ಇನ್ನೂ ಎಚ್ಚರವಿರಬೇಕು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಅಲ್ಲಿ 2015ರ ಹಸಿರು ನ್ಯಾಯಮಂಡಳಿ ಆದೇಶದಿಂದ ಶುರುವಾದ ನಿರ್ಬಂಧದ ಬಗ್ಗೆ ನ್ಯಾಯಾಲಯದ ಆದೇಶಗಳು ಬದಲಾಗುತ್ತ ಬಂದಿವೆ. ಮುಂಗಡ ಕೊಡುವ ವಾರ ಆರ್‌.ಟಿ.ಓ.ದಲ್ಲಿ ವಿಚಾರಿಸಿಯೇ ಕೊಡಿ.

ಚಾಲಕನ ವಿಷಯದಲ್ಲಿ ಒಂದು ಅನುಕೂಲವಾಗಿದೆ. ಸಾಧಾರಣ ಕಾರಿನ ಲೈಸೆನ್ಸ್ ಇರುವವರು 7500 ಕಿಲೋ ಒಳಗಿನ ಸಾಗಾಣಿಕೆ ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಕೊಳ್ಳುವಾಗ ಬ್ಯಾಂಕ್ ಸಾಲ ತೀರಿದ ಪತ್ರ, ಫಾರ್ಮ್ 35, ವರ್ಗಾವಣೆಯ ಫಾರ್ಮ್ 29 ಮತ್ತು 30, ಬಾಕಿ ಇ-ಚಲನ್, ಚಾಸಿಸ್ ನಂಬರ್ ಇವನ್ನು ತಾಳೆ ನೋಡಿ.

ಕೆಲವು ಯುವ ಸದಸ್ಯರು ಹಳೆಯ ಮೆಟಡೋರಿಗೆ ಬಣ್ಣ ಹೊಡೆದು ಉತ್ಸವಗಳಲ್ಲಿ ಕಾಫಿ–ನೀರ್‌ದೋಸೆ ಸ್ಟಾಲ್ ಮಾಡುವ ಆಸೆಯಲ್ಲಿದ್ದಾರೆ. ಜನ ನಿಂತು ನೋಡುತ್ತಾರೆ, ನಿಂತವರು ತಿನ್ನುತ್ತಾರೆ, ಒಳ್ಳೆಯದೇ. ಆದರೆ ಗಾಡಿಯ ದೇಹ ಕತ್ತರಿಸಿ ಕಿಟಕಿ ಮಾಡುವುದಕ್ಕೆ ಮೊದಲು ಆರ್‌.ಟಿ.ಓ. ಒಪ್ಪಿಗೆ ಬೇಕು, ಆಹಾರ ಲೈಸೆನ್ಸ್ ಬೇರೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಿದರೆ ಅದನ್ನು ವ್ಯಾಪಾರಕ್ಕೆ ಬಳಸುವಂತೆಯೇ ಇಲ್ಲ. ಅದು ಪ್ರದರ್ಶನಕ್ಕೆ ಮಾತ್ರ.

ತುಂಬುವಾಗಿನ ಒಂದೆರಡು ಮಾತು. ಭಾರದ ಪಾತ್ರೆ ಹಿಂದಿನ ಚಕ್ರಕ್ಕಿಂತ ಮುಂದೆ ಇರಲಿ. ಅದರಾಚೆ ಬಾಗಿಲ ಬಳಿ ಹೇರಿದರೆ ಮುಂಭಾಗ ಎದ್ದು ಸ್ಟೇರಿಂಗ್ ಹಗುರಾಗುತ್ತದೆ. ಅರ್ಧ ತುಂಬಿದ ಪಾತ್ರೆ ಹೆಚ್ಚು ತುಳುಕುತ್ತದೆ, ಚಿಕ್ಕ ಪಾತ್ರೆಗೆ ಸುರಿದು ಬಿಗಿಯಾಗಿ ಮುಚ್ಚಿ ಕಟ್ಟಿ. ಗ್ಯಾಸ್ ಸಿಲಿಂಡರ್ ನಿಲ್ಲಿಸಿಯೇ ಕಟ್ಟಬೇಕು, ಕಿಟಕಿ ತೆರೆದಿರಲಿ. 5ರಿಂದ 60 ಡಿಗ್ರಿಯ ನಡುವೆ ಅಡುಗೆಯಲ್ಲಿ ಕ್ರಿಮಿ ಬೇಗ ಬೆಳೆಯುವುದರಿಂದ ಟ್ರಾಫಿಕ್ಕಿನ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಕೊನೆಗೆ, ಕಳೆದ ವರ್ಷದ ಆರ್ಡರ್ ಪುಸ್ತಕ ತೆಗೆದು ಗಾಡಿ ಬೇಕಾದ ದಿನಗಳನ್ನು ಎಣಿಸಿ. ತೆರಿಗೆ, ವಿಮೆ, ನಿಲುಗಡೆ 365 ದಿನವೂ ಓಡುತ್ತದೆ. ಮೂವತ್ತು ನಲವತ್ತು ದಿನ ಮಾತ್ರವಾದರೆ ಬಾಡಿಗೆಯವನ ಜತೆ ಶ್ರಾವಣಕ್ಕೆ ಮುಂಚೆಯೇ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ಅದಕ್ಕಿಂತ ಬಹಳ ಹೆಚ್ಚಾದರೆ ಎಂಟು ವರ್ಷದೊಳಗಿನ ಈಕೋ ಸಾಮಾನು ಗಾಡಿಯನ್ನೋ ಏಸನ್ನೋ ಕೊಂಡು, ಮನೆ ಬದಲಾವಣೆಯ ಒಂದು ದಿನಕ್ಕೆ 407 ಕರೆಸಿ. ಅಕ್ಕಪಕ್ಕದ ಇಬ್ಬರು ಸದಸ್ಯರು ಸೇರಿ ಒಂದು ಗಾಡಿ ಇಟ್ಟುಕೊಳ್ಳುವುದೂ ಆಗಬಹುದು, ಆದರೆ ಚೌತಿಯ ದಿನ ಅದು ಯಾರಿಗೆ ಎಂಬುದನ್ನು ಕೊಳ್ಳುವ ದಿನವೇ ಬರೆದಿಟ್ಟುಕೊಳ್ಳಿ.