ಆಸ್ತಿ ವಿವರ ತೆರೆದು ಓದಿ: ಆಲ್ಡಿಯ ಕನ್ನಡ ಮನೆಗಳಿಗೆ ಮಾಡಬೇಕಾದ್ದು, ಮಾಡಬಾರದ್ದು

ಆಲ್ಡಿಗೆ ಸ್ವಂತ ಪುರಸಭೆ ಇಲ್ಲ. ರೂಟ್ 50ರ ಪಕ್ಕದ ಹೊಲ ಯಾವಾಗ ಬಡಾವಣೆಯಾಗಬೇಕು, ಡೇಟಾ ಸೆಂಟರ್ ಎಲ್ಲಿ ಏಳಬೇಕು, ಮನೆ ತೆರಿಗೆ ಎಷ್ಟಿರಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಲೌಡನ್ ಕೌಂಟಿಯ ಒಂಬತ್ತು ಜನ ಸೂಪರ್‌ವೈಸರ್‌ಗಳು. ಜಾನ್ ಚ್ಯಾಂಪ್ ಹೈಸ್ಕೂಲಿಗೆ ಯಾವ ಬೀದಿಯ ಮಕ್ಕಳು ಹೋಗಬೇಕು ಎನ್ನುವುದು ಸ್ಕೂಲ್ ಬೋರ್ಡಿನ ಕೈಯಲ್ಲಿದೆ. ಇವರೆಲ್ಲ ತಮ್ಮ ಹಣಕಾಸಿನ ಹಿತಾಸಕ್ತಿಗಳ ವಿವರ ಸಲ್ಲಿಸಬೇಕೆಂದು ವರ್ಜೀನಿಯಾದ ಕಾನೂನು ಹೇಳುತ್ತದೆ. ಸಲ್ಲಿಸಿದ್ದನ್ನು ಓದುವವರು ಬೇಕು. ಈ ಸೂಚನೆ ಅದಕ್ಕಾಗಿ.

ಮಾಡಬೇಕಾದ್ದು

ಪ್ರತಿ ವರ್ಷ ಫೆಬ್ರವರಿ ಕಳೆಯುವುದರೊಳಗೆ ನಿಮ್ಮ ಸೂಪರ್‌ವೈಸರ್‌ ಸಲ್ಲಿಸಿದ ವಿವರಪತ್ರವನ್ನು ಕೇಳಿ ಪಡೆಯಿರಿ. ಅದನ್ನು ಸಲ್ಲಿಸಲು ಕೊನೆಯ ದಿನ ಫೆಬ್ರವರಿ 1. ಒಳಗಿರುವುದು ಹಿಂದಿನ ವರ್ಷದ ಲೆಕ್ಕ. ರಾಜ್ಯದ ಶಾಸಕರ ಪತ್ರಗಳು ವರ್ಜೀನಿಯಾದ ನೀತಿ ಸಲಹಾ ಮಂಡಳಿಯ ಜಾಲತಾಣದಲ್ಲೇ ಸಿಗುತ್ತವೆ. ಕೌಂಟಿಯವರದು ಬೇಕೆಂದರೆ ಲೀಸ್‌ಬರ್ಗ್‌ನಲ್ಲಿರುವ ಬೋರ್ಡಿನ ಕ್ಲರ್ಕ್‌ಗೆ, ಸ್ಕೂಲ್ ಬೋರ್ಡಿನವರದಾದರೆ ಆ ಬೋರ್ಡಿನ ಕ್ಲರ್ಕ್‌ಗೆ ಬರೆಯಿರಿ. ಯಾಕೆ ಬೇಕೆಂದು ಹೇಳಬೇಕಾಗಿಲ್ಲ. ಮಾಹಿತಿ ಹಕ್ಕಿನ ಕಾನೂನಿನಂತೆ ಐದು ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಹೆಚ್ಚು ಕಾಲ ಬೇಕಿದ್ದರೆ ಅದನ್ನೂ ಅವರು ಆ ಐದು ದಿನದೊಳಗೇ ತಿಳಿಸಬೇಕು.

ಆ ಪತ್ರವನ್ನು ಕೌಂಟಿಯ ಸಭೆಗಳ ಕಾರ್ಯಸೂಚಿಯ ಪಕ್ಕ ಇಟ್ಟು ಓದಿ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ವರ್ಜೀನಿಯಾ ಕಾನೂನಿನಲ್ಲಿ ಲೌಡನ್ ಕೌಂಟಿಯ ಹೆಸರು ಹಿಡಿದೇ ಬರೆದ ಕಲಮೊಂದಿದೆ: 15.2-2287.1. ಜಮೀನಿನ ಬಳಕೆ ಬದಲಿಸುವ ಅರ್ಜಿ ವಿಚಾರಣೆಗೆ ಬಂದಾಗ ಸೂಪರ್‌ವೈಸರ್‌ಗಳು, ಪ್ಲಾನಿಂಗ್ ಕಮಿಷನ್ ಸದಸ್ಯರು ಮತ್ತು ಜೋನಿಂಗ್ ಮೇಲ್ಮನವಿ ಮಂಡಳಿಯವರು ಅರ್ಜಿದಾರರೊಡನೆ, ಜಮೀನಿನ ಮಾಲೀಕರೊಡನೆ ತಮಗೆ ಈಗಿರುವ ಅಥವಾ ಇತ್ತೀಚೆಗೆ ಇದ್ದ ವ್ಯವಹಾರ ಸಂಬಂಧವನ್ನು ಎಲ್ಲರೆದುರು ಹೇಳಬೇಕು. ವಿಚಾರಣೆಯ ಹೊತ್ತಿಗೆ ಅಂಥ ಹಿತಾಸಕ್ತಿ ಇದ್ದವರು ಮತ ಹಾಕುವಂತಿಲ್ಲ. ಡೇಟಾ ಸೆಂಟರ್‌ಗಳಿಂದ ಬರುವ ತೆರಿಗೆಯ ಮೇಲೆ ಇಷ್ಟು ನಿಂತಿರುವ ಕೌಂಟಿಯಲ್ಲಿ, ಒಂದೊಂದು ಎಕರೆಯ ತೀರ್ಮಾನವೂ ಯಾರದೋ ದೊಡ್ಡ ಲಾಭ. ಅರ್ಜಿದಾರ ಕಂಪನಿಯ ಹೆಸರು, ಅದರ ಹಿಂದಿರುವ ಎಲ್‌ಎಲ್‌ಸಿಗಳ ಹೆಸರು, ಸದಸ್ಯರ ಪತ್ರದಲ್ಲಿರುವ ಹೆಸರು, ಈ ಮೂರನ್ನೂ ಸಾಲಾಗಿ ಬರೆದುಕೊಳ್ಳಿ. ಹೊಂದಿದರೆ ಸಾರ್ವಜನಿಕ ವಿಚಾರಣೆಯಲ್ಲಿ ಎದ್ದುನಿಂತು ಕೇಳಿ. ಇಂಗ್ಲಿಷ್ ಉಚ್ಚಾರಣೆಯ ಹಿಂಜರಿಕೆ ಬೇಡ. ತೆರಿಗೆ ಕಟ್ಟುವವರ ಪ್ರಶ್ನೆ ಅದು.

ಚುನಾವಣಾ ದೇಣಿಗೆಯನ್ನೂ ನೋಡಿ. ವರ್ಜೀನಿಯಾದಲ್ಲಿ ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮೇಲ್ಮಿತಿಯೇ ಇಲ್ಲ. ಹಾಗಾಗಿ ಆಸ್ತಿ ಪತ್ರ ಅರ್ಧ ಕತೆ ಮಾತ್ರ. ಉಳಿದರ್ಧ ವರ್ಜೀನಿಯಾ ಪಬ್ಲಿಕ್ ಆಕ್ಸೆಸ್ ಪ್ರಾಜೆಕ್ಟ್‌ನ ಜಾಲತಾಣದಲ್ಲಿದೆ, ಉಚಿತವಾಗಿ.

ಕಾಂಗ್ರೆಸ್ ಸದಸ್ಯರದ್ದು ಬೇರೆ ದಾರಿ. ನಮ್ಮ 10ನೇ ಜಿಲ್ಲೆಯನ್ನು 2025ರ ಜನವರಿಯಿಂದ ಪ್ರತಿನಿಧಿಸುತ್ತಿರುವವರು ಸುಹಾಸ್ ಸುಬ್ರಮಣ್ಯಂ. ಅವರ ವಾರ್ಷಿಕ ವಿವರ ಮೇ 15ಕ್ಕೆ ಸಲ್ಲಬೇಕು, ಹೌಸ್ ಕ್ಲರ್ಕ್‌ನ ಜಾಲತಾಣದಲ್ಲಿ ಸಿಗುತ್ತದೆ. 2012ರ ಸ್ಟಾಕ್ ಕಾಯ್ದೆಯಂತೆ 1,000 ಡಾಲರ್ ಮೀರಿದ ಷೇರು ವ್ಯವಹಾರವನ್ನು ಹೆಚ್ಚೆಂದರೆ 45 ದಿನದೊಳಗೆ ತಿಳಿಸಬೇಕು. ನಮ್ಮ ಕಡೆಯ ಹೆಸರೆಂದು ಅವರ ವಿವರವನ್ನು ಓದದೆ ಬಿಡಬೇಡಿ, ಬೇರೆ ಕಡೆಯ ಹೆಸರೆಂದು ಕಟುವಾಗಿಯೂ ಓದಬೇಡಿ.

ನಮ್ಮವರೇ ಫೆಡರಲ್ ಉನ್ನತ ಹುದ್ದೆಗೇರಿ ಹಣಕಾಸಿನ ವಿವರದ ಫಾರ್ಮ್ 278 ತುಂಬುವ ದಿನ ಬಂದರೆ, ಹೂಡಿಕೆಗೆಂದು ಕೊಂಡ ಬೆಂಗಳೂರಿನ ಸೈಟನ್ನೂ, ಬಾಡಿಗೆಗೆ ಕೊಟ್ಟ ಮೈಸೂರಿನ ಮನೆಯನ್ನೂ ಬರೆಯಿರಿ. ಊರಲ್ಲಿರುವುದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರಬಾರದು.

ಮಾಡಬಾರದ್ದು

ದೊಡ್ಡವರ ದುಡ್ಡಿನ ವಿಚಾರ ಕೇಳುವುದು ಮರ್ಯಾದೆಯಲ್ಲ ಎಂದು ಸುಮ್ಮನಿರಬೇಡಿ. 2009ರಲ್ಲಿ ನ್ಯಾಯಾಧೀಶರ ಆಸ್ತಿಯನ್ನು ಬಹಿರಂಗಪಡಿಸಲು ಭಾರತದ ಸುಪ್ರೀಂ ಕೋರ್ಟ್ ಹಿಂದೇಟು ಹಾಕುತ್ತಿದ್ದಾಗ, ಮುಖ್ಯ ನ್ಯಾಯಮೂರ್ತಿಯ ನಿಲುವನ್ನು ಪ್ರಶ್ನಿಸಿ ಬಹಿರಂಗವಾಗಿ ಬರೆದವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್. ಹಾಲಿ ನ್ಯಾಯಮೂರ್ತಿಯೊಬ್ಬರು ಹಾಗೆ ಬರೆಯಲು ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಆಸ್ತಿ ವಿವರವನ್ನು ಜಾಲತಾಣದಲ್ಲಿ ಹಾಕಲು ಒಪ್ಪಿದರು. ಕರ್ನಾಟಕದ ಶಾಸಕರೂ 1984ರ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಪ್ರತಿ ವರ್ಷ ಜೂನ್ 30ರೊಳಗೆ ಲೆಕ್ಕ ಒಪ್ಪಿಸಬೇಕು. ಕೇಳುವ ರೂಢಿ ನಮಗೆ ಹೊಸದಲ್ಲ.

ಪತ್ರದಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳಬೇಡಿ. ಊರಿನ ಚುನಾವಣಾ ಅಫಿಡವಿಟ್ಟಿನಲ್ಲಿ ಚಿನ್ನದ ಗ್ರಾಂವರೆಗೆ ಲೆಕ್ಕವಿರುತ್ತದೆ. ಇಲ್ಲಿ ಹಾಗಲ್ಲ, ಮೊತ್ತವನ್ನು ಶ್ರೇಣಿಯಲ್ಲಿ ಬರೆಯುತ್ತಾರೆ. ವರ್ಜೀನಿಯಾದ ನಮೂನೆಯಲ್ಲಿ 5,001ರಿಂದ 50,000 ಡಾಲರ್ ಒಂದೇ ಮೆಟ್ಟಿಲು, 2,50,000 ದಾಟಿದ್ದೆಲ್ಲ ಇನ್ನೊಂದೇ ಮೆಟ್ಟಿಲು. ಅವರು ವಾಸಿಸುವ ಮನೆ ಅದರಲ್ಲಿ ಬರುವುದಿಲ್ಲ. ಹೀಗಿರುವಾಗ ಒಟ್ಟು ಸಂಪತ್ತು ಇಷ್ಟೇ ಎಂದು ಕೂಡಿ ವಾಟ್ಸಾಪ್ ಗುಂಪಿಗೆ ಹಾಕುವುದು ಸುಳ್ಳು ಹರಡುವ ಕೆಲಸ. ಶ್ರೀಮಂತಿಕೆ ತಪ್ಪಲ್ಲ, ಮುಚ್ಚಿಟ್ಟ ಹಿತಾಸಕ್ತಿ ತಪ್ಪು. ಅಧಿಕಾರಿಯ ಮನೆ ವಿಳಾಸ, ಮಕ್ಕಳ ವಿಷಯ ಹಂಚಲೇಬೇಡಿ.

ಫೆಡರಲ್ ವಿವರಪತ್ರ ನೋಡಿ, ಇವರ ಹತ್ತಿರ ಹಣವಿದೆ ಎಂದು ದೇವಸ್ಥಾನಕ್ಕೋ ಸಂಘಕ್ಕೋ ಚಂದಾ ಕೇಳಲು ಹೋಗಬೇಡಿ. ಹಣ ಎತ್ತಲು, ವ್ಯಾಪಾರಕ್ಕೆ, ಸಾಲದ ಅರ್ಹತೆ ಅಳೆಯಲು ಆ ಪತ್ರಗಳನ್ನು ಬಳಸುವುದನ್ನು ಕಾನೂನು ನಿಷೇಧಿಸಿದೆ. ಪಕ್ಕದ ಮನೆಯ ಫೆಡರಲ್ ನೌಕರರು ಸಲ್ಲಿಸುವ ಹಣಕಾಸಿನ ವಿವರದ ಫಾರ್ಮ್ 450 ಗೋಪ್ಯವಾದದ್ದು, ಅದನ್ನು ಕೇಳಬೇಡಿ.

ರಾಜ್ಯೋತ್ಸವಕ್ಕೆ ಬಂದ ಅತಿಥಿಗೆ ಬೆಳ್ಳಿಯ ಗಣಪತಿ, ರೇಷ್ಮೆ ಸೀರೆ ಕೊಡಬೇಡಿ. ಹಾರ, ಫಲತಾಂಬೂಲ, ಒಂದು ಶಾಲು ಸಾಕು. ವರ್ಜೀನಿಯಾದ ಗವರ್ನರ್ ಆಗಿದ್ದ ಬಾಬ್ ಮೆಕ್‌ಡಾನೆಲ್ ಒಬ್ಬ ಉದ್ಯಮಿಯಿಂದ ಪಡೆದ ಉಡುಗೊರೆಗಳ ಪ್ರಕರಣ ನೆನಪಿಡಿ. 2014ರಲ್ಲಿ ಬಂದ ತಪ್ಪಿತಸ್ಥರೆಂಬ ತೀರ್ಪನ್ನು 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಮಾಡಿತು, ಆದರೆ ಅಷ್ಟರಲ್ಲಿ ರಾಜ್ಯದ ಕಾನೂನು ಬದಲಾಗಿತ್ತು. ಈಗ ಲಾಬಿಗಾರರಿಂದ, ಸರ್ಕಾರದ ಗುತ್ತಿಗೆ ಪಡೆದವರಿಂದ ಕಾನೂನಿನ ವಾರ್ಷಿಕ ಮಿತಿ ಮೀರಿದ ಉಡುಗೊರೆ ನಿಷಿದ್ಧ. ಕಾಂಗ್ರೆಸ್ ಸದಸ್ಯರಿಗಾದರೆ ಒಂದೊಂದೂ 50 ಡಾಲರ್‌ಗಿಂತ ಕಡಿಮೆ ಇರಬೇಕು. ಅಂಗಡಿಯ ರಸೀದಿ ಖಜಾಂಚಿಯ ಬಳಿ ಇರಲಿ.

ಎಚ್-1ಬಿ ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ ಹಣ ಕೊಡಬೇಡಿ, ಸ್ಕೂಲ್ ಬೋರ್ಡಿನ ಚುನಾವಣೆಗೂ ಕೊಡಬೇಡಿ. ವಿದೇಶಿ ಪ್ರಜೆಗಳ ದೇಣಿಗೆ ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಭಾವನ ಹೆಸರಲ್ಲಿ, ಗೆಳೆಯನ ಕಾರ್ಡಿನಲ್ಲಿ ಕೊಡುವುದು ಯಾರಿಗೂ ಸಲ್ಲದು. ದಾಖಲೆ ಕೇಳಿ ಪತ್ರ ಬರೆಯಲು, ವಿಚಾರಣೆಯಲ್ಲಿ ಎರಡು ಮಾತಾಡಲು ಮಾತ್ರ ಮತದಾರರ ಚೀಟಿ ಬೇಕಿಲ್ಲ. ವೀಸಾದಲ್ಲಿರುವ ಮನೆಗಳಿಂದಲೂ ಒಬ್ಬೊಬ್ಬರು ಬನ್ನಿ.